ಕೆರೆ ಸಭೆಗೆ ಯಾರನ್ನು ಕರೆಯಬೇಕು?

ಊರ ಕೆರೆಯಲ್ಲಿ ಹೂಳು ತುಂಬಿದೆ. ಏರಿಯ ಮೇಲೆ ಬಳ್ಳಾರಿ ಜಾಲಿ ಆಳೆತ್ತರ ಬೆಳೆದಿದೆ. ತೂಬು ಕೆಟ್ಟು ಎಷ್ಟು ಕಾಲವಾಯಿತೆಂಬುದು ಯಾರಿಗೂ ಸರಿಯಾಗಿ ನೆನಪಿಲ್ಲ. ಏನಾದರೂ ಮಾಡಲೇಬೇಕು ಎಂದು ನಾಲ್ಕು ಜನಕ್ಕೆ ಅನ್ನಿಸುತ್ತದೆ. ಆ ನಾಲ್ವರು ಟೀ ಅಂಗಡಿಯಲ್ಲಿ ಕೂತು ಮಾಡುವ ಮೊದಲ ಕೆಲಸ ಹೂಳಿನ ಲೆಕ್ಕವೂ ಅಲ್ಲ, ದುಡ್ಡಿನ ಲೆಕ್ಕವೂ ಅಲ್ಲ. ಸಭೆಗೆ ಯಾರ್ಯಾರನ್ನು ಕರೆಯೋಣ ಎಂಬ ಪಟ್ಟಿ. ಅದು ಐದೇ ನಿಮಿಷದಲ್ಲಿ ಮುಗಿಯುತ್ತದೆ: ಪಂಚಾಯಿತಿ ಅಧ್ಯಕ್ಷರು, ಇಬ್ಬರು ಮಾಜಿ ಅಧ್ಯಕ್ಷರು, ಪಿಡಿಒ, ಹಾಲಿನ ಡೇರಿ ಕಾರ್ಯದರ್ಶಿ, ನಿವೃತ್ತ ಹೆಡ್‌ಮಾಸ್ತರರು, ಬೆಂಗಳೂರಿನಲ್ಲಿ ನೆಲೆಸಿರುವ ಊರಿನ ಇಂಜಿನಿಯರು, ಬಿಡುವಿದ್ದರೆ ಶಾಸಕರು. ಇದನ್ನು ಕೆರೆಗಾಗಿ ಮಾಡಿದ ಪಟ್ಟಿ ಎನ್ನಲಾಗದು. ರಾಜ್ಯೋತ್ಸವಕ್ಕೂ ಶಾಲೆಯ ಶತಮಾನೋತ್ಸವಕ್ಕೂ ಇದೇ ಪಟ್ಟಿ ನಡೆಯುತ್ತದೆ.

ಕರ್ನಾಟಕದಲ್ಲಿ 36,000ಕ್ಕೂ ಹೆಚ್ಚು ಕೆರೆಗಳಿವೆ. ಕೆರೆ ಕೆಲಸ ಅರ್ಧಕ್ಕೆ ನಿಂತಾಗ ನಾವು ಅನುದಾನವನ್ನು ದೂರುತ್ತೇವೆ, ಗುತ್ತಿಗೆದಾರನನ್ನು ದೂರುತ್ತೇವೆ, ಕಡೆಗೆ ಮಳೆಯನ್ನೂ ದೂರುತ್ತೇವೆ. ಮೊದಲ ದಿನದ ಆ ಪಟ್ಟಿಯ ಮೇಲೆ ಯಾರ ಕಣ್ಣೂ ಹೋಗುವುದಿಲ್ಲ. ಹೋಗಬೇಕಾದದ್ದು ಅಲ್ಲಿಗೇ. ಕರೆಯುವವರ ಪಟ್ಟಿಯನ್ನು ಊರಿನ ಕುರ್ಚಿಗಳನ್ನು ನೋಡಿ ಬರೆಯಬಾರದು, ನೀರಿನ ದಾರಿ ಹಿಡಿದು ನಡೆಯುತ್ತಾ ಬರೆಯಬೇಕು.

ನಡಿಗೆ ಶುರುವಾಗಬೇಕಾದದ್ದು ಕೆರೆಯ ಮೇಲ್ದಿಕ್ಕಿನಿಂದ. ಮಳೆ ಬಿದ್ದ ನೀರು ಹರಿದು ಬರುವ ಕಡೆಯಿಂದ. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಕಡೆಯಾದರೆ ಅಲ್ಲಿ ನೀಲಗಿರಿ ತೋಪು ಸಿಗುವುದು ಹೆಚ್ಚುಕಡಿಮೆ ಖಾತ್ರಿ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು ನಿಜ, ಆದರೆ ಹಳೆಯ ಬುಡ ಕಡಿದಷ್ಟೂ ಚಿಗುರುತ್ತದೆ. ಆ ತೋಪಿನ ಒಡೆಯ ಬಹಳ ಸಲ ನಿಮ್ಮ ಊರಿನವನಲ್ಲ, ನಿಮ್ಮ ಪಂಚಾಯಿತಿಯವನೂ ಅಲ್ಲ. ಇನ್ನೊಂದಿಷ್ಟು ಮುಂದೆ ರಾಜಕಾಲುವೆಯನ್ನು ಅಡ್ಡಗಟ್ಟಿ ಎದ್ದ ಲೇಔಟು, ಸಾಲು ಸಾಲು ಕೃಷಿ ಹೊಂಡಗಳು, ಇಲಾಖೆಯೇ ಕಟ್ಟಿಸಿದ ಚೆಕ್ ಡ್ಯಾಂಗಳು. ನಮ್ಮ ಬಯಲುಸೀಮೆಯ ಕೆರೆಗಳು ಒಂಟಿಯಾಗಿ ಇರುವಂಥವಲ್ಲ. ಮೇಲಿನ ಕೆರೆಯ ಕೋಡಿ ನೀರೇ ಕೆಳಗಿನ ಕೆರೆಗೆ ಒಳಹರಿವು. ಮೇಲಿನ ಊರಿನವರು ಒಳ್ಳೆಯ ಮನಸ್ಸಿನಿಂದಲೇ ತಮ್ಮ ಕೋಡಿಯನ್ನು ಒಂದಡಿ ಎತ್ತರಿಸಿಕೊಂಡರೂ ಕೆಳಗಿನ ಊರಿನ ಕೆರೆ ಒಣಗಬಹುದು. ಹೀಗಾಗಿ ಗ್ರಾಮ ಪಂಚಾಯಿತಿಯ ಗಡಿಯೊಳಗೇ ಪಟ್ಟಿ ಮಾಡಿದರೆ ಕೆರೆಗೆ ನೀರು ಬಾರದಿರಲು ಕಾರಣರಾದ ಒಬ್ಬರೂ ಅದರಲ್ಲಿ ಇರುವುದಿಲ್ಲ. ಸಭೆಯಲ್ಲಿ ಎಲ್ಲರೂ ಒಂದೇ ಮಾತಾಡುತ್ತಾರೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ನೀರು ಮಾತ್ರ ಬರುವುದಿಲ್ಲ.

ಕೆರೆಯ ಅಂಗಳಕ್ಕೆ ಇಳಿದರೆ ಪಟ್ಟಿಯ ಕಷ್ಟದ ಭಾಗ ಶುರು. ಅಂಗಳದಲ್ಲಿ ರಾಗಿ, ಹುರುಳಿ, ಮೇವಿನ ಜೋಳ ಬೆಳೆದವರು ಇರುತ್ತಾರೆ. ಅವರನ್ನೆಲ್ಲ ‘ಒತ್ತುವರಿದಾರರು’ ಎಂಬ ಒಂದೇ ಮಾತಿನಲ್ಲಿ ಕಟ್ಟಿಹಾಕುವುದು ಅಭ್ಯಾಸವಾಗಿದೆ. ಆದರೆ ಅಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಜನ ಇರುತ್ತಾರೆ. ಬೇರೆ ಜಮೀನೇ ಇಲ್ಲದ, ನೀರು ಸರಿದ ಅಂಚಿನಲ್ಲಿ ಅರ್ಧ ಎಕರೆ ಬಿತ್ತಿಕೊಂಡು ಬದುಕುವ ಕುಟುಂಬಗಳು ಒಂದು ಕಡೆ. ಕೆರೆಯ ಪಕ್ಕದ ತನ್ನ ಹತ್ತೆಕರೆ ತೋಟದ ಬೇಲಿಯನ್ನು ವರ್ಷವರ್ಷವೂ ಒಳಕ್ಕೆ ಸರಿಸಿಕೊಂಡು ಬಂದವನು ಇನ್ನೊಂದು ಕಡೆ. ಮೊದಲನೆಯವರನ್ನು ಸಭೆಗೆ ಯಾರೂ ಕರೆಯುವುದಿಲ್ಲ. ಎರಡನೆಯವನನ್ನು ಕರೆಯುವ ಅಗತ್ಯವೇ ಬೀಳುವುದಿಲ್ಲ, ಯಾಕೆಂದರೆ ಅವನು ಆಗಲೇ ಮುಂದಿನ ಸಾಲಿನಲ್ಲಿ ಕೂತಿರುತ್ತಾನೆ. ಬಹುಶಃ ಸ್ವಾಗತ ಸಮಿತಿಯಲ್ಲೂ ಇರುತ್ತಾನೆ.

ಅವನನ್ನು ಹೊರಗಿಡಬೇಕು ಎಂದಲ್ಲ. ಕಳೆದುಕೊಳ್ಳುವವನನ್ನು ಹೊರಗಿಟ್ಟು ಮಾಡಿದ ನಿರ್ಣಯಕ್ಕೆ ಮಾರನೆಯ ವಾರವೇ ಕೋರ್ಟಿನ ತಡೆಯಾಜ್ಞೆ ಬರುತ್ತದೆ. ಅವನು ಬರಲಿ. ಆದರೆ ಅವನು ಬರುವ ಮೊದಲು ಸರ್ವೇಯರ್ ಬಂದು ಹೋಗಿರಬೇಕು. ಗಡಿ ಗುರುತಿಸಿ ಕಲ್ಲು ನೆಟ್ಟ ಮೇಲೆ ನಡೆಯುವ ಸಭೆಗೂ ಅದಕ್ಕೆ ಮುಂಚೆ ನಡೆಯುವ ಸಭೆಗೂ ಬಹಳ ಅಂತರವಿದೆ. ಕೆರೆಯ ಗಡಿ ಎಲ್ಲಿ ಎಂಬುದು ಕೈಯೆತ್ತಿಸಿ ತೀರ್ಮಾನಿಸುವ ಸಂಗತಿಯಲ್ಲ, ಅದು ಕಂದಾಯ ದಾಖಲೆಯಲ್ಲಿದೆ. ಅದನ್ನು ಊರಿನ ಸಭೆಯಲ್ಲಿ ಚರ್ಚೆಗಿಟ್ಟರೆ ದಾಖಲೆಯನ್ನೇ ಚೌಕಾಸಿಗೆ ಇಟ್ಟಂತಾಗುತ್ತದೆ. ಅಂಗಳದಲ್ಲಿ ಅರ್ಧ ಎಕರೆ ಬಿತ್ತುವವರಿಗೆ ಬದಲಿಗೆ ಏನು ಕೊಡಬಹುದು, ಹೂಳೆತ್ತುವ ಕೂಲಿಯೇ, ಮೀನಿನಲ್ಲಿ ಪಾಲೇ, ಮೇವಿನ ಹಕ್ಕೇ ಎಂಬುದು ಮಾತ್ರ ಊರು ಕೂತು ಮಾತಾಡಬೇಕಾದ ವಿಷಯ.

ಏರಿಯ ಮೇಲೆ ಬಂದಾಗ ತೂಬಿನ ಹತ್ತಿರ ನಿಂತು ಕೇಳಬೇಕಾದ ಪ್ರಶ್ನೆ ಒಂದೇ: ಇಲ್ಲಿನ ನೀರುಗಂಟಿ ಯಾರಾಗಿದ್ದರು? ಹಳೆಯ ಮೈಸೂರು ಸೀಮೆಯ ಕೆರೆಗಳಲ್ಲಿ ತೂಬು ಎತ್ತುವ, ಇಳಿಸುವ ಕೆಲಸ ಆತನದು. ಯಾವ ಗದ್ದೆಗೆ ಯಾವ ದಿನ, ಎಷ್ಟು ಹೊತ್ತು ನೀರು ಹೋಗಬೇಕೆಂದು ಆತ ನೋಡಿಕೊಳ್ಳುತ್ತಿದ್ದ. ರೈತ ತನ್ನ ಗದ್ದೆಗೆ ತಾನೇ ಮಡೆ ತಿರುಗಿಸಿಕೊಳ್ಳುವಂತಿರಲಿಲ್ಲ. ನೀರು ಕಮ್ಮಿಯಾದ ವರ್ಷ ಸರದಿ ಹಾಕಿ, ಕೊನೆಯ ಗದ್ದೆಗೂ ಒಂದಿಷ್ಟು ಮುಟ್ಟಿಸುವುದು ಆತನ ಜಾಣತನಕ್ಕೆ ಬಿಟ್ಟದ್ದು. ಕೋಲಾರ ಭಾಗದ ಅನೇಕ ಊರುಗಳಲ್ಲಿ ನೀರುಗಂಟಿಗಳು ದಲಿತ ಕುಟುಂಬದವರು. ಅಚ್ಚುಕಟ್ಟಿನಲ್ಲಿ ದೊಡ್ಡ ಜಮೀನಿಲ್ಲದವನ ಕೈಯಲ್ಲಿ ನೀರಿನ ಹಂಚಿಕೆ ಇದ್ದದ್ದು ವ್ಯವಸ್ಥೆಯ ಒಂದು ಬುದ್ಧಿವಂತಿಕೆ ಎಂದೇ ನನಗೆ ತೋರುತ್ತದೆ, ಏಕೆಂದರೆ ತನ್ನ ಗದ್ದೆಗೇ ಮೊದಲು ನೀರು ಬಿಟ್ಟುಕೊಳ್ಳುವ ಆಸೆಗೆ ಅಲ್ಲಿ ಅವಕಾಶ ಕಡಿಮೆ. ಸುಗ್ಗಿಯಲ್ಲಿ ಕಾಳಿನ ಪಾಲು, ಜೊತೆಗೆ ಇನಾಮು ಜಮೀನು ಆತನ ಪ್ರತಿಫಲ.

1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಇಂಥ ವಂಶಪಾರಂಪರ್ಯ ಚಾಕರಿಗಳನ್ನು ಕೊನೆಗೊಳಿಸಿತು. ಹುಟ್ಟಿನಿಂದ ಬಂದ ಚಾಕರಿ ಹೋದದ್ದು ನ್ಯಾಯವೇ. ಅದರ ಬಗ್ಗೆ ಹಳಹಳಿಕೆ ಬೇಡ. ಆದರೆ ಹುದ್ದೆ ಹೋದ ಮೇಲೆ ಕೆಲಸ ಯಾರದು ಎಂಬ ಪ್ರಶ್ನೆಗೆ ಹೆಚ್ಚಿನ ಊರುಗಳು ಉತ್ತರ ಹುಡುಕಲಿಲ್ಲ. ಈಗ ಆ ಮನೆಯ ಹಿರಿಯ ಎಲ್ಲೋ ಜಗುಲಿಯಲ್ಲಿ ಕೂತಿರುತ್ತಾನೆ. ಏರಿ ಎಲ್ಲಿ ಜಿನುಗುತ್ತದೆ, ತೂಬಿನ ಕೆಳಗಿನ ಕಲ್ಲು ಯಾವಾಗ ಕದಲಿತು, ಕೋಡಿ ನೀರು ಯಾವ ಕಡೆ ಕೊರೆಯುತ್ತದೆ ಎಂಬುದು ಆತನಿಗೆ ಗೊತ್ತು. ಇಂಜಿನಿಯರ್ ಬಳಿ ಇರುವ ನಕ್ಷೆಯಲ್ಲಿ ಇದ್ಯಾವುದೂ ಇಲ್ಲ. ಆತನಿಗೆ ಸಭೆಗೆ ಕರೆ ಬಂದರೂ ಬಹಳ ಸಲ ಅದು ಜಮಖಾನ ಹಾಸುವುದಕ್ಕೆ. ಪಟ್ಟಿಯ ಮೊದಲ ಹೆಸರು ಯಾವುದಿರಬೇಕೆಂದು ನನ್ನನ್ನು ಕೇಳಿದರೆ ಆತನದೇ ಎನ್ನುತ್ತೇನೆ. ಅದೂ ಸಭೆಗೆ ಮುಂಚೆ, ಆತನ ಮನೆಗೇ ಹೋಗಿ, ಇಂಜಿನಿಯರನ್ನೂ ಕರೆದುಕೊಂಡು.

ಅಚ್ಚುಕಟ್ಟಿನ ರೈತರು ಪಟ್ಟಿಯಲ್ಲಿ ಹೇಗೂ ಇರುತ್ತಾರೆ. ನೋಡಬೇಕಾದದ್ದು ಯಾವ ರೈತರು ಎಂಬುದನ್ನು. ತೂಬಿನ ಬುಡದ ಗದ್ದೆಯವರಿಗೆ ಅರ್ಧ ಕೆರೆ ತುಂಬಿದರೂ ಸಾಕು, ಕಾಲುವೆ ಹಾಳಾಗಿದ್ದರೂ ಅವರಿಗೇನೂ ತೊಂದರೆಯಿಲ್ಲ. ಕಾಲುವೆಯ ಕೊನೆಯವರಿಗೆ ಹೂಳಿಗಿಂತ ಕಾಲುವೆಯ ದುರಸ್ತಿಯೇ ಮುಖ್ಯ. ಹೂಳಿನಲ್ಲೂ ಅದೇ ಕಥೆ. ಗೋಡು ಮಣ್ಣು ಹೊಲಕ್ಕೆ ಒಳ್ಳೆಯ ಗೊಬ್ಬರ, ಆದರೆ ಅದನ್ನು ಹೊಡೆಸಿಕೊಳ್ಳಲು ಟ್ರಾಕ್ಟರ್ ಬೇಕು, ಡೀಸೆಲ್ ದುಡ್ಡು ಬೇಕು. ಉಚಿತವೆಂದು ಸಾರಿದ ಹೂಳು ಕಡೆಗೆ ಟ್ರಾಕ್ಟರ್ ಇದ್ದವರ ಹೊಲ ಸೇರುತ್ತದೆ, ಉಳಿದದ್ದು ಇಟ್ಟಿಗೆ ಗೂಡಿಗೆ. ಸಣ್ಣ ಹಿಡುವಳಿದಾರ ಸಭೆಯಲ್ಲಿದ್ದಿದ್ದರೆ ಸಾಗಾಟದ ಖರ್ಚು ಯಾರದೆಂದು ಮೊದಲ ದಿನವೇ ಕೇಳುತ್ತಿದ್ದ.

ಮೀನಿನ ವಿಷಯವೂ ಮೊದಲೇ ಮಾತಾಡಿ ಮುಗಿಸಬೇಕಾದದ್ದು. ಕೆರೆಯ ಮೀನು ಹಿಡಿಯುವ ಹಕ್ಕು ಹರಾಜಾಗುತ್ತದೆ ಇಲ್ಲವೇ ಗುತ್ತಿಗೆಗೆ ಹೋಗುತ್ತದೆ. ಮರಿ ಬಿಟ್ಟವನಿಗೆ ಬೇಸಿಗೆಯ ತನಕ ಕೆರೆಯಲ್ಲಿ ನೀರು ನಿಲ್ಲಬೇಕು, ಗದ್ದೆಯವನಿಗೆ ಅದೇ ನೀರು ಹೊರಗೆ ಹರಿಯಬೇಕು. ಹಿಡಿಯುವ ಹೊತ್ತಿಗೆ ಮೀನಿನವನಿಗೆ ನೀರು ಬೇಗ ತಗ್ಗಿದರೆ ಒಳ್ಳೆಯದು, ದನ ಕಟ್ಟಿಕೊಂಡವಳಿಗೆ ಅದು ಕುಡಿಯುವ ನೀರು. ಈ ಮೂವರನ್ನು ಒಂದೇ ಚಾಪೆಯ ಮೇಲೆ ಕೂರಿಸದೆ ತೂಬಿನ ನಿಯಮ ಬರೆದರೆ ಆ ನಿಯಮ ಒಂದು ಬೇಸಿಗೆಯನ್ನೂ ದಾಟುವುದಿಲ್ಲ. ಬಟ್ಟೆ ಒಗೆಯುವ ಮಡಿವಾಳರು, ಕುರಿ ನೀರಿಗಿಳಿಸುವವರು, ಕೆರೆಯಂಚಿನ ಹುಲ್ಲು ಕೊಯ್ಯುವ ಹೆಂಗಸರು ಇವರೆಲ್ಲ ‘ಬಳಕೆದಾರರು’ ಎಂಬ ಪದದೊಳಗೆ ಬರುತ್ತಾರೆಂದು ನಮಗೆ ಹೊಳೆಯುವುದೇ ಇಲ್ಲ. ಪಹಣಿಯಲ್ಲಿ ಅವರ ಹೆಸರಿಲ್ಲವಲ್ಲ!

ನಮ್ಮ ಜನಪದರಿಗೆ ಈ ಸಂಗತಿ ಗೊತ್ತಿತ್ತು. ‘ಕೆರೆಗೆ ಹಾರ’ ಕಥನಗೀತೆಯಲ್ಲಿ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬರುವುದಿಲ್ಲ. ಮನೆಯ ಹಿರಿಯರು ಕೂತು ಕಿರಿಯ ಸೊಸೆ ಭಾಗೀರಥಿಯನ್ನು ಕೆರೆಗೆ ಕೊಡುವುದೆಂದು ನಿಶ್ಚಯಿಸುತ್ತಾರೆ. ಆ ನಿಶ್ಚಯದಲ್ಲಿ ಅವಳ ಮಾತಿಗೆ ಜಾಗವಿಲ್ಲ. ಗಂಡ ದಂಡಿನಲ್ಲಿದ್ದಾನೆ, ಅವನನ್ನೂ ಕೇಳಿಲ್ಲ. ನಾವು ಅದನ್ನು ತ್ಯಾಗದ ಹಾಡೆಂದು ಓದಿಕೊಂಡು ಬಂದಿದ್ದೇವೆ. ಬೆಲೆ ತೆರುವವಳನ್ನು ಬಿಟ್ಟು ಉಳಿದವರೆಲ್ಲ ಕೂತ ಸಭೆಯ ಹಾಡೆಂದೂ ಓದಬಹುದು.

ಇಲಾಖೆಗಳ ಮಾತು ಬೇಗ ಮುಗಿಸುತ್ತೇನೆ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಹೆಚ್ಚಿದ್ದರೆ ಕೆರೆ ಸಣ್ಣ ನೀರಾವರಿ ಇಲಾಖೆಯದು, ಕಡಿಮೆಯಿದ್ದರೆ ಪಂಚಾಯತ್ ರಾಜ್ ವ್ಯವಸ್ಥೆಯದು. ಗಡಿಗೆ ಕಂದಾಯ ಇಲಾಖೆ, ಮರಕ್ಕೆ ಅರಣ್ಯ ಇಲಾಖೆ, ಮೀನಿಗೆ ಮೀನುಗಾರಿಕೆ ಇಲಾಖೆ. ಇವುಗಳ ಮೇಲೆ 2014ರ ಕಾಯ್ದೆಯಿಂದ ಬಂದ ಕೆರೆ ಪ್ರಾಧಿಕಾರವೂ ಸೇರಿದೆ. ಇಷ್ಟೂ ಜನರನ್ನು ಮೊದಲ ಸಭೆಗೆ ಕರೆದರೆ ಅದು ಕುಂದುಕೊರತೆ ಸಭೆಯಾಗಿ, ಪ್ರತಿಯೊಬ್ಬರೂ ಇನ್ನೊಬ್ಬರತ್ತ ಬೆರಳು ತೋರಿಸಿ, ಮಧ್ಯಾಹ್ನದ ಊಟಕ್ಕೆ ಮುಗಿಯುತ್ತದೆ. ಅಧಿಕಾರಿಯನ್ನು ಅವರ ಸಹಿ ಬೇಕಾದ ದಿನ, ಯಾವ ಕಾಗದಕ್ಕೆ ಸಹಿ ಬೇಕೆಂದು ಬರೆದುಕೊಂಡು ಹೋಗಿ ಕಾಣುವುದು ಮೇಲು. ಶಾಸಕರೂ ಅಷ್ಟೇ. ಅವರು ಬಂದ ದಿನ ಸಭೆ ಅವರದಾಗುತ್ತದೆ, ಕೆರೆಯದಾಗಿ ಉಳಿಯುವುದಿಲ್ಲ. ಪಕ್ಷದ ಬಣ್ಣ ಒಮ್ಮೆ ಹತ್ತಿತೆಂದರೆ ಊರಿನ ಅರ್ಧ ಜನ ತಾವಾಗಿಯೇ ಹಿಂದೆ ಸರಿಯುತ್ತಾರೆ.

ಕರೆಯುವುದು ಎಂದರೆ ಏನು ಎಂಬುದೂ ತಿಳಿಯಾಗಿರಬೇಕು. ಒಬ್ಬರಿಗೆ ವಿಷಯ ತಿಳಿಸುವುದು ಒಂದು, ಅವರ ಅಭಿಪ್ರಾಯ ಕೇಳುವುದು ಇನ್ನೊಂದು, ತೀರ್ಮಾನದಲ್ಲಿ ಪಾಲು ಕೊಡುವುದು ಮತ್ತೊಂದು. ಅಮೆರಿಕದ ಶೆರ್ರಿ ಆರ್ನ್‌ಸ್ಟೈನ್ 1969ರಲ್ಲಿ ನಾಗರಿಕರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲುಗಳಾಗಿ ವಿಂಗಡಿಸಿ ತೋರಿಸಿದರು. ಜನರನ್ನು ಸುಮ್ಮನೆ ಕೂರಿಸಿ ಒಪ್ಪಿಸಿಕೊಳ್ಳುವುದು ಕೆಳಗಿನ ಮೆಟ್ಟಿಲು, ಅಧಿಕಾರವನ್ನು ಅವರ ಕೈಗೇ ಕೊಡುವುದು ಮೇಲಿನದು. ಎಲ್ಲರನ್ನೂ ಎಲ್ಲ ವಿಷಯಕ್ಕೂ ಮೇಲಿನ ಮೆಟ್ಟಿಲಿಗೆ ಹತ್ತಿಸಬೇಕೆಂಬ ಆದರ್ಶದಲ್ಲಿ ನನಗೆ ನಂಬಿಕೆಯಿಲ್ಲ. ತೂಬಿನ ಗೇಟಿನ ಅಳತೆ ಎಷ್ಟಿರಬೇಕೆಂದು ಊರೆಲ್ಲ ಕೂತು ಚರ್ಚಿಸಬೇಕಾಗಿಲ್ಲ. ಇಂಜಿನಿಯರ್ ಮತ್ತು ನೀರುಗಂಟಿ ಸಾಕು. ನೀರಿನ ಸರದಿ ಅಚ್ಚುಕಟ್ಟಿನವರ ತೀರ್ಮಾನ. ಆದರೆ ಬೇಸಿಗೆಯಲ್ಲಿ ದನಕರುಗಳಿಗೆಂದು ಎಷ್ಟು ನೀರು ಉಳಿಸಬೇಕೆಂಬುದನ್ನು ಅಚ್ಚುಕಟ್ಟಿನವರ ಬಹುಮತಕ್ಕೆ ಬಿಡುವಂತಿಲ್ಲ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಓಸ್ಟ್ರಮ್ ಲೋಕದ ನಾನಾ ಕಡೆಯ ಕಾಡು, ಮೀನುಗಾರಿಕೆ, ನೀರಾವರಿ ವ್ಯವಸ್ಥೆಗಳನ್ನು ಅಧ್ಯಯನ ಮಾಡಿ ಕಂಡುಕೊಂಡ ಸಂಗತಿಗಳಲ್ಲಿ ಒಂದು ಇಲ್ಲಿಗೆ ನೇರ ಹೊಂದುತ್ತದೆ: ಬಾಳಿಕೆ ಬಂದ ವ್ಯವಸ್ಥೆಗಳಲ್ಲಿ, ಯಾವ ನಿಯಮ ಯಾರಿಗೆ ತಗಲುತ್ತದೋ ಆ ನಿಯಮವನ್ನು ತಿದ್ದುವಾಗ ಅವರಲ್ಲಿ ಹೆಚ್ಚಿನವರಿಗೆ ಪಾಲಿತ್ತು.

ಹೆಸರುಗಳು ಸರಿಯಿದ್ದೂ ಸಭೆ ಸುಳ್ಳಾಗಬಹುದು. ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟರೆ ಕೂಲಿಗೆ ಹೋದವರು ಬರುವುದಿಲ್ಲ. ಸಂಜೆ ಆರಕ್ಕೆ ಇಟ್ಟರೆ ಹಾಲು ಕರೆದು ಡೇರಿಗೆ ಹಾಕುವ ಹೆಂಗಸರು ಬರುವುದಿಲ್ಲ. ದೇವಸ್ಥಾನದ ಮುಂದಿನ ಕಟ್ಟೆಯಲ್ಲಿ ಇಟ್ಟರೆ ಯಾರು ಬರುವುದಿಲ್ಲ, ಬಂದರೂ ಯಾರು ದೂರದಲ್ಲೇ ನಿಲ್ಲುತ್ತಾರೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಹಾಕಿ ‘ಎಲ್ಲರಿಗೂ ತಿಳಿಸಿದ್ದೇವೆ’ ಎನ್ನುವುದು ಈಗಿನ ಹೊಸ ಚಾಳಿ. ಡಂಗುರದ ಸದ್ದಾದರೂ ಮೊಬೈಲ್ ಇಲ್ಲದವರ ಕಿವಿಗೂ ಬೀಳುತ್ತಿತ್ತು. ಕೆರೆಯ ಏರಿಯ ಮೇಲೆಯೇ ಸಭೆ ಕೂರುವುದು ಎಲ್ಲಕ್ಕಿಂತ ಒಳ್ಳೆಯದು. ಅಲ್ಲಿ ಯಾರೂ ಯಾರ ಮನೆಯ ಅತಿಥಿಯಲ್ಲ, ‘ಅಗೋ ಅಲ್ಲಿ ನೋಡಿ’ ಎಂದು ಕೈ ತೋರಿಸಿಯೇ ಮಾತಾಡಬಹುದು.

ಇಷ್ಟೆಲ್ಲ ಗೊತ್ತಿದ್ದೂ ತಪ್ಪುವುದು ಹೇಗೆ? 2002ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಶುರುವಾದ ಸಮುದಾಯ ಆಧಾರಿತ ಕೆರೆ ನಿರ್ವಹಣಾ ಯೋಜನೆಯನ್ನು ಹಲವರು ಮರೆತಿರಬಹುದು. ಜಲ ಸಂವರ್ಧನೆ ಯೋಜನಾ ಸಂಘ ಅದನ್ನು ನಡೆಸಿತು. ಕೆರೆಗೊಂದು ಬಳಕೆದಾರರ ಸಂಘ, ಅದರಲ್ಲಿ ಅಚ್ಚುಕಟ್ಟಿನ ರೈತರ ಜೊತೆಗೆ ಭೂಮಿ ಇಲ್ಲದವರು ಮತ್ತು ಹೆಂಗಸರೂ ಇರಬೇಕೆಂಬ ಆಶಯ, ಎಲ್ಲವೂ ಅದರಲ್ಲಿತ್ತು. ಹಣ ಇರುವ ತನಕ ಸಂಘಗಳು ನಡೆದವು. ಯೋಜನೆ ಮುಗಿದ ಮೇಲೆ ಅನೇಕ ಕಡೆ ಬ್ಯಾಂಕ್ ಪಾಸ್‌ಬುಕ್ ಮಾತ್ರ ಉಳಿಯಿತು. ನನಗೆ ಕಾಣುವ ಕಾರಣ, ಅಲ್ಲಿ ಪಟ್ಟಿಯ ನಮೂನೆ ಮೇಲಿನಿಂದ ಬಂದದ್ದು. ಇಂತಿಷ್ಟು ಜನ ಈ ವರ್ಗದವರು, ಇಂತಿಷ್ಟು ಆ ವರ್ಗದವರು ಎಂಬ ಖಾನೆಗಳನ್ನು ತುಂಬಿಸಿದರು. ಖಾನೆ ತುಂಬಿದ ಹೆಂಗಸಿಗೆ ಕೆರೆಯಲ್ಲಿ ಏನು ಕೆಲಸ, ಏನು ಹಕ್ಕು ಎಂದು ಯಾರೂ ಕೇಳಲಿಲ್ಲವಾದರೆ ಆಕೆ ಸಹಿ ಹಾಕಿ ಮನೆಗೆ ಹೋಗುತ್ತಾಳೆ. ಹೆಬ್ಬೆಟ್ಟಾದರೆ ಮನೆಗೇ ಪುಸ್ತಕ ಬರುತ್ತದೆ.

ದೊಡ್ಡ ಮಟ್ಟದಲ್ಲಿ ನೋಡಬೇಕಾದರೆ ಕೆ.ಸಿ. ವ್ಯಾಲಿ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರ ಜಿಲ್ಲೆಯ ಕೆರೆಗಳಿಗೆ ತುಂಬಿಸುವ ಯೋಜನೆ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂತು. ಮುಂದಿನ ತಿಂಗಳೇ ನೊರೆ ಕಾಣಿಸಿಕೊಂಡು ಪೂರೈಕೆ ನಿಲ್ಲಿಸಬೇಕಾಯಿತು. ಪ್ರಕರಣ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. 2019ರಲ್ಲಿ ಯೋಜನೆ ಮುಂದುವರಿಯಲು ಅವಕಾಶ ಸಿಕ್ಕಿತು. ಎರಡು ಹಂತದ ಸಂಸ್ಕರಣೆ ಸಾಲದು, ಮೂರನೆಯ ಹಂತವೂ ಬೇಕೆಂಬ ಹೋರಾಟಗಾರರ ಬೇಡಿಕೆ ನಿಂತಿಲ್ಲ. ಬತ್ತಿದ ಕೊಳವೆ ಬಾವಿಗೆ ನೀರು ಬಂದಿದೆ ಎಂದು ನೆಮ್ಮದಿಪಟ್ಟ ರೈತರೂ ಅದೇ ಜಿಲ್ಲೆಯಲ್ಲಿದ್ದಾರೆ. ಯೋಜನೆ ಸರಿಯೋ ತಪ್ಪೋ ಎಂಬುದನ್ನು ಈ ಅಂಕಣದಲ್ಲಿ ಇತ್ಯರ್ಥ ಮಾಡಲು ನಾನು ಹೋಗುವುದಿಲ್ಲ. ನೀರು ಯಾವ ಮಟ್ಟಕ್ಕೆ ಶುದ್ಧವಾಗಬೇಕು, ಅದನ್ನು ಯಾರು ಪರೀಕ್ಷಿಸಬೇಕು, ಫಲಿತಾಂಶವನ್ನು ಯಾರಿಗೆ ತೋರಿಸಬೇಕು ಎಂಬ ಮಾತು ಪೈಪು ಹಾಕುವ ಮುಂಚೆಯೇ ಕೆರೆಯೇರಿಯ ಮೇಲೆ ನಡೆಯಬೇಕಿತ್ತು. ಅದು ನ್ಯಾಯಾಲಯದ ಕಟ್ಟೆಯಲ್ಲಿ ನಡೆಯಿತು. ಊರಿನ ಸಭೆಯಲ್ಲಿ ಬಾಗಿಲು ಸಿಗದವರು ಕೋರ್ಟಿನ ಬಾಗಿಲು ತಟ್ಟುತ್ತಾರೆ, ಅಲ್ಲಿ ಮಾತಿಗೆ ಖರ್ಚೂ ಹೆಚ್ಚು, ಕಾಲವೂ ಹೆಚ್ಚು.

ಬೆಂಗಳೂರಿನೊಳಗೆ ತಪ್ಪು ಬೇರೆ ಬಗೆಯದು. ಅಲ್ಲಿ ಕೆರೆಗಳನ್ನು ಉಳಿಸಿದ ಶ್ರೇಯಸ್ಸಿನ ದೊಡ್ಡ ಪಾಲು ಸುತ್ತಲಿನ ನಿವಾಸಿಗಳ ಗುಂಪುಗಳಿಗೇ ಸಲ್ಲಬೇಕು. ಕೈಕೊಂಡ್ರಹಳ್ಳಿ, ಪುಟ್ಟೇನಹಳ್ಳಿ, ಜಕ್ಕೂರು ಕೆರೆಗಳ ಹೆಸರು ಎಲ್ಲರಿಗೂ ಗೊತ್ತು. ಆದರೆ ನಗರದ ಎಷ್ಟೋ ಕೆರೆಗಳಲ್ಲಿ ಮೊದಲು ಬಂದದ್ದು ಬೇಲಿ, ಆಮೇಲೆ ವಾಕಿಂಗ್ ಟ್ರ್ಯಾಕು, ಆಮೇಲೆ ಸಮಯದ ಫಲಕ. ಹಸು ಮೇಯಿಸುತ್ತಿದ್ದವರು, ಹುಲ್ಲು ಕೊಯ್ದು ಮಾರುತ್ತಿದ್ದವರು, ಬಟ್ಟೆ ಒಗೆಯುತ್ತಿದ್ದವರು ಬೇಲಿಯ ಹೊರಗಾದರು. ಹರಿಣಿ ನಾಗೇಂದ್ರ ಮತ್ತು ಜೊತೆಗಾರರ ಅಧ್ಯಯನಗಳು ಇದನ್ನು ವರ್ಷಗಳಿಂದ ದಾಖಲಿಸುತ್ತಾ ಬಂದಿವೆ. ಬೇಲಿ ಹಾಕಿಸಿದವರು ಕೆಟ್ಟವರಲ್ಲ. ಅವರು ತಮಗೆ ಪರಿಚಯವಿದ್ದವರನ್ನು ಕರೆದರು, ಅಪಾರ್ಟ್‌ಮೆಂಟಿನ ಸಭೆಯಲ್ಲಿ ಹುಲ್ಲು ಕೊಯ್ಯುವವಳ ಪರಿಚಯ ಯಾರಿಗೂ ಇರಲಿಲ್ಲ, ಅಷ್ಟೇ. ಅವಳು ಬೆಳಿಗ್ಗೆ ಎಷ್ಟು ಹೊತ್ತಿಗೆ ಕೆರೆಗೆ ಬರುತ್ತಾಳೆಂದು ನೋಡಿದ್ದರೆ ಗೇಟಿನ ಸಮಯ ಬೇರೆಯಾಗುತ್ತಿತ್ತು.

ಒಮ್ಮೆ ಮಾಡಿದ ಪಟ್ಟಿ ಕೊನೆಯ ತನಕ ನಿಲ್ಲುವುದೂ ಇಲ್ಲ. ಒಣ ಕೆರೆಗೆ ಸಂಬಂಧಪಟ್ಟವರೇ ಬೇರೆ, ತುಂಬಿದ ಕೆರೆಗೆ ಸಂಬಂಧಪಟ್ಟವರೇ ಬೇರೆ. ಹೂಳೆತ್ತುವಾಗ ತಲೆಹಾಕದಿದ್ದವರು ನೀರು ನಿಂತ ಮೇಲೆ ಅಂಗಳಕ್ಕೆ ಪೈಪು ಇಳಿಸಿ ಮೋಟಾರು ಕೂರಿಸುತ್ತಾರೆ. ಅಚ್ಚುಕಟ್ಟಿನ ಹೊರಗೆ ಕೊಳವೆ ಬಾವಿ ಇಟ್ಟುಕೊಂಡವರಿಗೆ ಎಲ್ಲರಿಗಿಂತ ಹೆಚ್ಚು ಲಾಭವಾಗಬಹುದು: ಕೆರೆ ತುಂಬಿದರೆ ಅವರ ಬಾವಿಯ ನೀರು ಏರುತ್ತದೆ, ವರ್ಷಕ್ಕೆ ಎರಡು ಬೆಳೆಯ ಬದಲು ಮೂರು ಬೆಳೆ ಬರುತ್ತದೆ. ತೂಬಿನ ನಿಯಮ ಅವರಿಗೆ ತಗಲುವುದಿಲ್ಲ, ಏರಿಯ ದುರಸ್ತಿಗೆ ಅವರಿಂದ ಒಂದು ದಿನದ ಆಳೂ ಬರುವುದಿಲ್ಲ. ಮೊದಲ ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ ನೀರಿನ ದಾರಿಯಲ್ಲಿ ನಡೆದು ಅವರ ಹೆಸರುಗಳನ್ನೂ ಬರೆದುಕೊಳ್ಳಬೇಕು. ಏರಿಯ ಜಾಲಿ ಕಡಿಸುವ ಖರ್ಚಿನಲ್ಲಿ ಅವರ ಪಾಲೆಷ್ಟು ಎಂಬುದು ಎರಡನೆಯ ವರ್ಷದ ಸಭೆಯ ಮೊದಲ ವಿಷಯವಾಗಲಿ.